ವಾಹನದಲ್ಲಿ ಮಗು: ಚಾಲಕನ ಹೊಣೆಯನ್ನು ಕುರಿತು ಸದಸ್ಯರ ಅಧ್ಯಯನಕ್ಕಾಗಿ

ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ಮಾಡಲಾದ ತಿದ್ದುಪಡಿಯಿಂದ 194ಬಿ ಎಂಬ ಪ್ರಕರಣವು ಸೇರ್ಪಡೆಯಾಯಿತು. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ, ಮಕ್ಕಳಿಗೆಂದೇ ಇರುವ ಸುರಕ್ಷಾ ಆಸನದಿಂದಾಗಲಿ ಭದ್ರಪಡಿಸದೆ ವಾಹನ ಚಲಾಯಿಸುವವರಿಗೂ, ಹಾಗೆ ಚಲಾಯಿಸಲು ಬಿಡುವವರಿಗೂ ಈ ಪ್ರಕರಣದಲ್ಲಿ 1,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ದಂಡದ ಮೊತ್ತಕ್ಕಿಂತಲೂ ಹೊಣೆ ಯಾರದೆಂಬುದು ಇಲ್ಲಿ ಮುಖ್ಯ. ಮಗು ಯಾರದೇ ಆಗಿರಲಿ, ಚಾಲಕನೇ ಉತ್ತರದಾಯಿ. ತಾಯಿ ಮಡಿಲಲ್ಲಿ ಹಿಡಿದುಕೊಂಡಿದ್ದಳೆಂಬ ಸಮಜಾಯಿಷಿ ನಿಲ್ಲದು.

ಮಡಿಲಿಗಿಂತ ಸುರಕ್ಷಿತ ಸ್ಥಳವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ವಾಹನದ ಮಟ್ಟಿಗೆ ಅದು ಸರಿಯಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನಷ್ಟು ಅಂತರದಲ್ಲಿ ನಿಂತಿತೆಂದು ಭಾವಿಸಿ ಲೆಕ್ಕ ಹಾಕಿದರೆ, 10 ಕಿಲೋ ತೂಕದ ಕೂಸನ್ನು ತಡೆಹಿಡಿಯಲು 120 ಕಿಲೋ ಹೊರೆಯನ್ನು ಎತ್ತುವಷ್ಟು ಬಲ ಬೇಕಾಗುತ್ತದೆ. ಯಾವ ತಾಯಿಯ ತೋಳಿಗೂ ಅದು ಅಸಾಧ್ಯ. ಆದುದರಿಂದ ಹಸುಗೂಸಿಗೆ ಹಿಂಬದಿ ಸೀಟಿನಲ್ಲಿ, ವಾಹನದ ಹಿಂಭಾಗಕ್ಕೆ ಮುಖಮಾಡಿರುವ ಆಸನವೇ ತಕ್ಕುದು. ಬೆಳೆದ ಮಕ್ಕಳಿಗೆ ದೊಡ್ಡವರ ಬೆಲ್ಟು ಯಾವಾಗ ಸಾಕೆಂಬುದನ್ನು ಹೀಗೆ ತಿಳಿಯಬಹುದು: ಪಟ್ಟಿಯು ಕುತ್ತಿಗೆಯ ಮೇಲಲ್ಲದೆ ಭುಜದ ಮೇಲೆ, ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ ಕೂರಬೇಕು.

ನಮ್ಮೂರಿನಲ್ಲಿ ಕಾರುಗಳೆಷ್ಟಿವೆ ಎಂದು ಸದಸ್ಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹಳ್ಳಿಯ ಮಗು ಹೆಚ್ಚಾಗಿ ಪ್ರಯಾಣಿಸುವುದು ಬೈಕಿನಲ್ಲಿ; ಅದೂ ಪೆಟ್ರೋಲ್ ಟ್ಯಾಂಕಿನ ಮೇಲೆ. ಢಿಕ್ಕಿಯಾದಾಗ ಹ್ಯಾಂಡಲ್ ಮತ್ತು ಚಾಲಕನ ಎದೆಯ ನಡುವೆ ಸಿಲುಕುವುದು ಆ ಮಗುವೇ. ದ್ವಿಚಕ್ರ ವಾಹನಗಳಿಗೆ ಸಂಬಂಧಿಸಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ಸೇರಿಸಲಾದ 138(7)ನೇ ನಿಯಮವು 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಸುರಕ್ಷಾ ಪಟ್ಟಿಯಿಂದ ಚಾಲಕನ ಮೈಗೆ ಬಂಧಿಸತಕ್ಕದ್ದು. ಮಗುವಿಗೆ ತೊಡಿಸುವ ಅಂಗಿಯಂತಹ ಕವಚಕ್ಕೆ ಎರಡು ಪಟ್ಟಿಗಳಿದ್ದು, ಅವುಗಳನ್ನು ಚಾಲಕನು ಭುಜಕ್ಕೆ ಹಾಕಿಕೊಳ್ಳುತ್ತಾನೆ. ಅದು 30 ಕಿಲೋ ಭಾರ ತಡೆಯುವಂತಿರಬೇಕು. ಸೀರೆಯ ಸೆರಗಾಗಲಿ, ಟವೆಲ್ ಆಗಲಿ ಇದಕ್ಕೆ ಬದಲಿಯಲ್ಲ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ತಲೆಯ ಅಳತೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ವೇಗವು ಗಂಟೆಗೆ 40 ಕಿ.ಮೀ. ಮೀರಬಾರದು. ನಾಲ್ಕು ವರ್ಷ ದಾಟಿದ ಮಗುವಿಗೆ 129ನೇ ಪ್ರಕರಣದಂತೆ ದೊಡ್ಡವರ ಹಾಗೆಯೇ ಹೆಲ್ಮೆಟ್ ಕಡ್ಡಾಯ. ಚಾಲಕನ ಜೊತೆ ಒಬ್ಬರಿಗೆ ಮಾತ್ರ ಅವಕಾಶವಿರುವುದರಿಂದ, ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದೇ ಬೈಕಿನಲ್ಲಿ ಸಾಗುವುದು ಮೊದಲಿಗೇ ಕಾನೂನುಬಾಹಿರ.

ಜಾತ್ರೆ, ಮದುವೆಗಳಿಗೆ ಸರಕು ವಾಹನದಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವುದು ಇನ್ನೂ ಗಂಭೀರ ವಿಷಯ. ಸರಕು ವಾಹನದಲ್ಲಿ ಬಿಟ್ಟಿಯಾಗಿ ಪ್ರಯಾಣಿಸುವವರ ಪರಿಹಾರದ ಹೊಣೆ ವಿಮಾ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪು ನೀಡಿದೆ. ಅಂದರೆ ಮಗುವನ್ನು ಕಳೆದುಕೊಂಡ ಕುಟುಂಬವು ವಾಹನದ ಮಾಲೀಕನ ಹಿಂದೆ ಅಲೆಯಬೇಕು. ಉಪಕಾರವೆಂದು ವಾಹನ ಕೊಟ್ಟ ಆ ಮಾಲೀಕನಿಗೂ ಹೊಲ, ಮನೆ ಉಳಿಯುವುದು ಕಷ್ಟ. ಇನ್ನು ಅಪ್ರಾಪ್ತ ಮಗನ ಕೈಗೆ ಬೈಕು ಕೊಡುವ ಪೋಷಕರಿಗೆ, ಇಲ್ಲವೇ ವಾಹನದ ಮಾಲೀಕರಿಗೆ, 199ಎ ಪ್ರಕರಣದಲ್ಲಿ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ.

ದಂಡ ವಿಧಿಸುವ ಅಧಿಕಾರ ಪೊಲೀಸ್ ಮತ್ತು ಸಾರಿಗೆ ಇಲಾಖೆಗಳದ್ದೇ ಹೊರತು ಗ್ರಾಮ ಪಂಚಾಯತಿಯದ್ದಲ್ಲ. ಆದರೆ ಜಾತ್ರೆಗೆ ಮುನ್ನ ಬಸ್ ಒದಗಿಸುವಂತೆ ಸಾರಿಗೆ ಸಂಸ್ಥೆಯ ಘಟಕಕ್ಕೆ ಪತ್ರ ಬರೆಯಲು, ಶಾಲಾ ಮಕ್ಕಳನ್ನು ಕರೆದೊಯ್ಯುವ ಆಟೋ ಚಾಲಕರನ್ನು ವಾರ್ಡ್ ಸಭೆಗೆ ಕರೆದು ಮಾತನಾಡಲು ಯಾವ ಅಡ್ಡಿಯೂ ಇಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಸೇರಿಸಿ, ಶಾಲೆಗೆ ಹೇಗೆ ಬರುತ್ತೀರಿ ಎಂದು ಮಕ್ಕಳನ್ನೇ ಕೇಳಿ ಅವರ ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸತಕ್ಕದ್ದು.