ಬೆಂಕಿ ಬಿದ್ದ ಸೊಪ್ಪಿನ ಬೆಟ್ಟವು ಪುನಃ ಚಿಗುರುವ ಬಗೆ

ಮಲೆನಾಡಿನ ಅಡಕೆತೋಟಗಳ ಜೀವವು ಸೊಪ್ಪಿನ ಬೆಟ್ಟಗಳಲ್ಲಿದೆಯೆಂಬುದನ್ನು ರೈತ ಮಹಾಶಯರಿಗೆ ಹೇಳಬೇಕಾದುದಿಲ್ಲ. ಕೊಟ್ಟಿಗೆಗೆ ಹಾಸುವ ಸೊಪ್ಪೂ, ಅದರಿಂದಾಗುವ ಗೊಬ್ಬರವೂ ಅಲ್ಲಿಂದಲೇ ಬರತಕ್ಕವು. ಬೇಸಗೆಯಲ್ಲಿ ಇಂತಹ ಬೆಟ್ಟಕ್ಕೆ ಬೆಂಕಿ ಬಿದ್ದರೆ ಕೆಲವರು ಎಲ್ಲವೂ ಹೋಯಿತೆಂದು ಸುಟ್ಟ ಗಿಡಗಳನ್ನು ಬುಡಸಹಿತ ಕೀಳಿಸುತ್ತಾರೆ. ಮತ್ತೆ ಕೆಲವರು ಮೊದಲ ಮಳೆಯ ಹಸುರನ್ನು ಕಂಡು, ಒಳ್ಳೆಯದೇ ಆಯಿತೆಂದು ದನಗಳನ್ನು ಬಿಡುತ್ತಾರೆ. ಇವೆರಡೂ ತಪ್ಪು.

1. ಜೀವವು ಉಳಿಯುವ ಸ್ಥಳ.— ತರಗೆಲೆಯ ಬೆಂಕಿಯು ಬೇಗನೆ ಹಾದುಹೋಗುವುದರಿಂದ ಅದರ ಕಾವು ಮಣ್ಣಿನಲ್ಲಿ ಆಳಕ್ಕಿಳಿಯುವುದಿಲ್ಲ. ಎರಡು ಮೂರು ಅಂಗುಲದ ಕೆಳಗಿರುವ ಬೇರುಗಳು ಸಾಮಾನ್ಯವಾಗಿ ಕ್ಷೇಮವಾಗಿರುತ್ತವೆ. ನೆಲ್ಲಿ, ಕವಲು, ಮತ್ತಿ, ಹೊನ್ನೆ ಮೊದಲಾದುವುಗಳ ಬುಡದಲ್ಲಿ ಅಡಗಿರುವ ಮೊಗ್ಗುಗಳು ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ ಹೊಸ ಚಿಗುರನ್ನು ಕೊಡುತ್ತವೆ. ಬುಡದ ತೊಗಟೆಯನ್ನು ಚಾಕುವಿನಿಂದ ಸ್ವಲ್ಪ ಕೆರೆದು ನೋಡಿರಿ. ಒಳಗೆ ಹಸಿಯಾಗಿದ್ದರೆ ಗಿಡವು ಬದುಕಿದೆ.

2. ಪದೇ ಪದೇ ಸುಡುವುದರ ಕೇಡು.— ಪ್ರತಿ ಸಲ ಚಿಗುರುವಾಗಲೂ ಬೇರಿನ ಉಗ್ರಾಣವು ಬರಿದಾಗುತ್ತದೆ. ಅದು ತುಂಬುವ ಮೊದಲೇ ಮತ್ತೆ ಬೆಂಕಿ ಬಿದ್ದರೆ ಬುಡವು ಸೊರಗಿ ಸಾಯುತ್ತದೆ. ಬೀಜದಿಂದೆದ್ದ ಎಳೆಯ ಸಸಿಗಳಂತೂ ಉಳಿಯಲಾರವು. ಆಗ ಆ ಸ್ಥಳವನ್ನು ಒರಟು ಹುಲ್ಲು, ಲಂಟಾನ, ಯುಪಟೋರಿಯಂಗಳು ಆಕ್ರಮಿಸುತ್ತವೆ. ಲಂಟಾನವು ಸುಟ್ಟ ಬುಡದಿಂದ ತಾನೂ ಚಿಗುರುವುದಲ್ಲದೆ, ಅದರ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆಯೂ ಹರಡುತ್ತವೆ. ಯುಪಟೋರಿಯಂ ಬೀಜವು ಗಾಳಿಯಲ್ಲಿ ಹಾರಿ ಬರುತ್ತದೆ.

3. ಬೂದಿಯ ವಿಷಯ.— ಬೂದಿಯು ಗೊಬ್ಬರವಲ್ಲವೇ ಎಂದು ರೈತರು ಕೇಳುವುದುಂಟು. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣಗಳಿರುವುದು ನಿಜ. ಆದರೆ ತರಗೆಲೆಯಲ್ಲಿದ್ದ ಸಾರಜನಕದ ಬಹುಭಾಗವು ಹೊಗೆಯೊಡನೆ ಹೋಗಿಬಿಡುತ್ತದೆ. ಇಳಿಜಾರಿನಲ್ಲಿ ಉಳಿದ ಬೂದಿಯನ್ನೂ, ಹೊದಿಕೆಯಿಲ್ಲದ ಮೇಲ್ಮಣ್ಣನ್ನೂ ಮುಂಗಾರು ಮಳೆಯು ಹಳ್ಳಕ್ಕೆ ಒಯ್ಯುತ್ತದೆ. ಒಂದು ತಿಂಗಳ ಎಳೆಹುಲ್ಲಿಗಾಗಿ ಹಲವು ವರ್ಷಗಳ ಗೊಬ್ಬರವನ್ನು ಕಳೆದುಕೊಂಡಂತಾಯಿತು.

4. ಮಾಡತಕ್ಕ ಕೆಲಸಗಳು.— (ಅ) ಮಳೆ ಹಿಡಿದು ಚಿಗುರು ಕಾಣುವವರೆಗೆ ಯಾವ ಬುಡವನ್ನೂ ಕೀಳಕೂಡದು. (ಆ) ಒಣಗಿದ ಕಾಂಡವನ್ನು ಹರಿತವಾದ ಕತ್ತಿಯಿಂದ ನೆಲದ ಸಮೀಪದಲ್ಲಿ, ನೀರು ನಿಲ್ಲದಂತೆ ಓರೆಯಾಗಿ ಕಡಿಯತಕ್ಕದ್ದು. (ಇ) ಮರುವರ್ಷ ಬುಡವೊಂದಕ್ಕೆ ಬಲವಾದ ಎರಡು ಮೂರು ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. (ಈ) ಲಂಟಾನವನ್ನು ನೆಲವು ಹಸಿಯಾಗಿರುವಾಗಲೇ, ಎಳೆಯದರಲ್ಲಿ, ಬೇರುಸಹಿತ ಕೀಳಿಸಬೇಕು. (ಉ) ಮೂರು ಮಳೆಗಾಲ ಕಳೆಯುವವರೆಗೆ ಅಲ್ಲಿ ಸೊಪ್ಪು ಕಡಿಯುವುದನ್ನೂ ದನ ಬಿಡುವುದನ್ನೂ ನಿಲ್ಲಿಸತಕ್ಕದ್ದು.

5. ಬೆಟ್ಟದ ಒಡೆಯರ ಹೊಣೆ.— ಬೆಂಕಿಗೆ ಸರ್ವೆ ಕಲ್ಲು ತಿಳಿಯದು. ಒಬ್ಬನ ಬೆಟ್ಟದಲ್ಲಿ ಹತ್ತಿದ ಬೆಂಕಿಯು ನೆರೆಯವನ ಬೆಟ್ಟಕ್ಕೂ ಹೋಗುತ್ತದೆ. ಆದುದರಿಂದ ಬೆಟ್ಟದ ಒಡೆಯರೆಲ್ಲರೂ ಪುಷ್ಯ ಮಾಸದೊಳಗಾಗಿ ಒಟ್ಟುಗೂಡಿ, ಗಡಿಯುದ್ದಕ್ಕೂ ತರಗೆಲೆಯನ್ನು ಗುಡಿಸಿ ಬೆಂಕಿರೇಖೆಯನ್ನು ತೆಗೆಸತಕ್ಕದ್ದು. ಗುಡಿಸಿದ ತರಗೆಲೆಯನ್ನು ಸುಡದೆ ಕೊಟ್ಟಿಗೆಗೆ ಒಯ್ದರೆ ಅದೇ ಗೊಬ್ಬರವಾಗುವುದು. ಸುಟ್ಟ ಬೆಟ್ಟವು ತಾನಾಗಿಯೇ ಚಿಗುರಬಲ್ಲದು. ಅದಕ್ಕೆ ಬೇಕಾದ ಅವಕಾಶವನ್ನು ಕೊಡುವುದು ಮಾತ್ರ ನಮ್ಮ ಕೆಲಸ.