ವಿರಾಮದ ಓದಿಗೊಂದು ಕೊಠಡಿ

ವಿಶ್ವವಿದ್ಯಾನಿಲಯದ ಗ್ರಂಥಭಂಡಾರವೆಂದೊಡನೆ ಮನಸ್ಸಿಗೆ ಹೊಳೆಯುವುದು ಪರೀಕ್ಷೆ, ಪ್ರಬಂಧ, ಟಿಪ್ಪಣಿಗಳು. ಆದರೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೈಡ್ನರ್ ಗ್ರಂಥಾಲಯದಲ್ಲಿ 1916ರಲ್ಲಿ ತೆರೆದ ಒಂದು ಕೊಠಡಿಯ ಉದ್ದೇಶವೇ ಬೇರೆ. ಪಠ್ಯಕ್ರಮಕ್ಕೆ ಸಂಬಂಧಿಸದ ಓದಿಗೆಂದೇ ಅದು ಮೀಸಲಾಗಿದ್ದಿತು.

ಆ ಕೊಠಡಿಯ ಹಿಂದೆ ಒಂದು ದುಃಖದ ಕಥೆಯಿದೆ. ಹೆನ್ರಿ ವೆಸ್ಟನ್ ಫಾರ್ನ್ಸ್‌ವರ್ತ್ 1912ರಲ್ಲಿ ಹಾರ್ವರ್ಡಿನಿಂದ ಹೊರಬಂದ ತರುಣ. ಬಾಲ್ಕನ್ ಯುದ್ಧದ ಕಾಲದಲ್ಲಿ ಅಲ್ಲಿಗೆ ಹೋಗಿಬಂದು ಪುಸ್ತಕ ಬರೆದವನು. ಮೊದಲನೆಯ ಮಹಾಯುದ್ಧಕ್ಕೆ ಅವನ ದೇಶ ಇನ್ನೂ ಇಳಿದಿರಲಿಲ್ಲ. ಅವನು ಫ್ರಾನ್ಸಿನ ವಿದೇಶೀಯರ ಸೈನ್ಯದಳವನ್ನು ಸೇರಿ, 1915ರ ಸೆಪ್ಟೆಂಬರಿನಲ್ಲಿ ಶಾಂಪೇನ್ ರಣಭೂಮಿಯಲ್ಲಿ ಮಡಿದ. ಮಗನ ನೆನಪಿಗೆ ತಂದೆತಾಯಿಗಳು ಕೊಟ್ಟುದು ಈ ಕೊಠಡಿ. (ವೈಡ್ನರ್ ಗ್ರಂಥಾಲಯವೂ 1912ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದ ಮಗನಿಗಾಗಿ ತಾಯಿಯೊಬ್ಬಳು ಕಟ್ಟಿಸಿದುದೆಂಬುದು ವಿಚಿತ್ರ ಹೊಂದಿಕೆ.)

ಇಂತಹ ಪ್ರತ್ಯೇಕ ಸಂಗ್ರಹವೇಕೆ? ವಿದ್ವತ್ ಗ್ರಂಥಾಲಯದಲ್ಲಿ ಕಾದಂಬರಿಗಳಿಗೆ ಕೊರತೆಯಿರದು. ಆದರೆ ವರ್ಗೀಕರಣದ ನಿಯಮದಂತೆ ಅವು ವಿಮರ್ಶಾಗ್ರಂಥಗಳ ನಡುವೆ ಎಲ್ಲಿಯೋ ನಿಂತಿರುತ್ತವೆ. ಬಣ್ಣದ ಹೊದಿಕೆಯನ್ನೂ ಅನೇಕ ಕಡೆ ತೆಗೆದುಹಾಕುತ್ತಾರೆ. ಹೆಸರು ತಿಳಿದು ಹುಡುಕುವವನಿಗೆ ಪುಸ್ತಕ ಸಿಕ್ಕೀತು. ಸುಮ್ಮನೆ ಕಣ್ಣಾಡಿಸುವವನಿಗೆ ಸಿಕ್ಕದು. ಹಣದ ಪ್ರಶ್ನೆಯೂ ಉಂಟು. ಸಂಶೋಧನೆಗೆಂದಿಟ್ಟ ಹಣದಲ್ಲಿ ಪತ್ತೇದಾರಿ ಕಥೆಗಳನ್ನು ಕೊಳ್ಳಬಹುದೆ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಅಮೆರಿಕದ ಕೆಲವು ಗ್ರಂಥಾಲಯಗಳು ಕಂಡುಕೊಂಡ ಉಪಾಯವೆಂದರೆ, ಹೊಸ ಪುಸ್ತಕಗಳನ್ನು ಬಾಡಿಗೆಗೆ ತರಿಸಿ, ಬೇಡಿಕೆ ತಗ್ಗಿದೊಡನೆ ಹಿಂದಿರುಗಿಸುವುದು.

ಪದವಿ ತರಗತಿಗಳ ವಿದ್ಯಾರ್ಥಿಗಳಿಗೆಂದು ಹಾರ್ವರ್ಡಿನಲ್ಲಿ ಕಟ್ಟಿದ ಲಮಾಂಟ್ ಗ್ರಂಥಾಲಯವು 1949ರಲ್ಲಿ ತೆರೆದಾಗ ಫಾರ್ನ್ಸ್‌ವರ್ತ್ ಕೊಠಡಿಯೂ ಅಲ್ಲಿಗೆ ಹೋಯಿತು.