ಸೂರ್ಯಪಾನದ ಬೀಜವೂ ನನ್ನ ಹಿಡಿಯೂ

ಗದಗಿನ ಸೀಮೆಯ ಎರೆಹೊಲಗಳ ನಡುವೆ ಹುಟ್ಟಿ ಬೆಳೆದ ನನಗೆ ಸೂರ್ಯಕಾಂತಿಯು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸೂರ್ಯಪಾನವು, ತಿನ್ನುವ ಪದಾರ್ಥವಾಗಿ ಎಂದೂ ಕಂಡುದಿಲ್ಲ. 1969ರ ಸುಮಾರಿಗೆ ರಷ್ಯಾದೇಶದಿಂದ ಭಾರತಕ್ಕೆ ಬಂದ ಎಣ್ಣೆತಳಿಗಳು ಮುಂದಿನ ದಶಕದಲ್ಲಿ ನಮ್ಮೂರವರೆಗೂ ಹಬ್ಬಿದಾಗ, ತೆನೆಗಳೆಲ್ಲ ಬಲಿತು ಮೂಡಲಿಗೆ ಮುಖಮಾಡಿ ತಲೆಬಾಗಿ ನಿಂತ ಹೊಲದ ನಡುವಣ ಅಟ್ಟದ ಮೇಲೆ ಕುಳಿತು, ತಗಡಿನ ಡಬ್ಬಿ ಬಾರಿಸುತ್ತ ಗಿಳಿಗಳನ್ನು ಓಡಿಸುವುದೇ ಬಾಲಕನಾದ ನನ್ನ ಪಾಲಿಗೆ ಬಂದ ಉದ್ಯೋಗವಾಗಿತ್ತು. ಗಿಳಿಗಳು ಅಷ್ಟೊಂದು ಆಸೆಪಟ್ಟು ತಿನ್ನುವುದರಲ್ಲಿ ಏನೋ ಸತ್ವವಿದ್ದೀತೆಂಬ ಸಂದೇಹವು ನನಗಾಗಲಿ ಹಿರಿಯರಿಗಾಗಲಿ ಬರಲಿಲ್ಲ. ಕಾಳೆಲ್ಲವೂ ಚೀಲ ತುಂಬಿ ಪೇಟೆಗೆ ಹೋಗುತ್ತಿತ್ತು. ರೊಟ್ಟಿಯ ಜೊತೆಗೆ ಗುರೆಳ್ಳಿನ ಹಿಂಡಿ, ಅಗಸಿಯ ಹಿಂಡಿಗಳೇ ಇರುತ್ತಿದ್ದವು.

ಮಾಸ್ತರಿಕೆಯಿಂದ ನಿವೃತ್ತನಾಗುವ ಹೊತ್ತಿಗೆ ರಕ್ತದೊತ್ತಡವು ಏರಿರುವುದು ತಿಳಿದುಬಂದು, ಗುಳಿಗೆಯೂ ಪ್ರಾರಂಭವಾಗಿ, ಆಹಾರದ ವಿಷಯದಲ್ಲಿ ಕಂಡಕಂಡವರ ಉಪದೇಶವನ್ನು ಕೇಳುವ ಅವಸ್ಥೆ ನನಗೂ ಒದಗಿತು. ಸೂರ್ಯಕಾಂತಿಯ ಬೀಜ ಹೃದಯಕ್ಕೆ ಹಿತಕರವೆಂದು ಯಾರೋ ಹೇಳಿದ್ದೇ ತಡ, ಹುರಿದು ಉಪ್ಪು ಸವರಿದ ಬೀಜದ ಪೊಟ್ಟಣಗಳನ್ನು ತಂದಿಟ್ಟುಕೊಂಡು, ಬೆಳಿಗ್ಗೆ ಒಂದು ಹಿಡಿ, ಮಧ್ಯಾಹ್ನದ ಚಹದೊಡನೆ ಒಂದು ಹಿಡಿ, ರಾತ್ರಿ ಪುಸ್ತಕ ಹಿಡಿದು ಕುಳಿತಾಗ ಮತ್ತೊಂದು ಹಿಡಿ, ಹೀಗೆ ಔಷಧವನ್ನು ಸೇವಿಸುವ ಶ್ರದ್ಧೆಯಿಂದ ತಿನ್ನತೊಡಗಿದೆನು. ಮೂರು ತಿಂಗಳಾದ ಮೇಲೆ ನೋಡಿದರೆ ತೂಕವು 3 ಕಿಲೋ ಏರಿತ್ತು. ರಕ್ತದೊತ್ತಡವು ಕಿಂಚಿತ್ತೂ ಇಳಿದಿರಲಿಲ್ಲ.

ನನ್ನ ದಿನಚರಿಯನ್ನೆಲ್ಲ ಸಾವಧಾನವಾಗಿ ಕೇಳಿದ ವೈದ್ಯರು, "ಹಿಡಿ ಅಂದ್ರ ಯಾರ ಹಿಡಿರಿ ಸರ? ನಿಮ್ಮದೋ, ನಿಮ್ಮ ಮೊಮ್ಮಗಳದೋ?" ಎಂದರು. ನಕ್ಕು ಸುಮ್ಮನಾದೆನಾದರೂ, ಮನೆಗೆ ಬಂದವನೇ ಅಟ್ಟದಿಂದ ತಂದೆಯವರ ಕಾಲದ ಹಿತ್ತಾಳೆಯ ತಕ್ಕಡಿಯನ್ನು ಇಳಿಸಿ ತೂಗಿದೆನು. ನನ್ನ ಒಂದು ಹಿಡಿಯು 40 ಗ್ರಾಂ. ಮೂರು ಹಿಡಿಗೆ 120 ಗ್ರಾಂ. ಸಿಪ್ಪೆ ಸುಲಿದ ಬೀಜದ 100 ಗ್ರಾಮಿನಲ್ಲಿ 580ಕ್ಕೂ ಮೀರಿದ ಕ್ಯಾಲೊರಿಯೂ ಸುಮಾರು 50 ಗ್ರಾಂ ಕೊಬ್ಬೂ ಇರುವುದರಿಂದ, ಊಟವನ್ನು ಒಂದು ತುತ್ತೂ ಕಡಿಮೆಮಾಡದ ನಾನು ಅದರ ಮೇಲೆ 700 ಕ್ಯಾಲೊರಿಯನ್ನು ಪ್ರತಿದಿನವೂ ಹೇರಿಕೊಳ್ಳುತ್ತಿದ್ದೆನೆಂಬುದು ಆಗ ವಿದಿತವಾಯಿತು. ತಕ್ಕಡಿಯ ತಟ್ಟೆಯಿಂದ ಬೀಜವನ್ನು ಸುರಿದ ಮೇಲೆ ಉಳಿದುದು ಬಿಳಿಯ ಪುಡಿ; ಬೆರಳಿಗೆ ಹತ್ತಿಸಿ ನಾಲಗೆಗಿಟ್ಟರೆ ಬರಿಯ ಉಪ್ಪು. ರಕ್ತದೊತ್ತಡಕ್ಕೆಂದು ಗುಳಿಗೆ ನುಂಗುವವನು ದಿನಕ್ಕೆ ಮೂರು ಹೊತ್ತು ಉಪ್ಪು ನೆಕ್ಕುತ್ತಿದ್ದೆನು!

ಇಷ್ಟರಿಂದ ಬೀಜದ ಗುಣವು ಸುಳ್ಳಾಗಲಿಲ್ಲ. 30 ಗ್ರಾಂ ಬೀಜದಿಂದ ಸುಮಾರು 10 ಮಿಲಿಗ್ರಾಂ ಇ ಜೀವಸತ್ವವು ದೊರೆಯುತ್ತದೆ. ವಯಸ್ಕನೊಬ್ಬನಿಗೆ ದಿನವೊಂದಕ್ಕೆ 15 ಮಿಲಿಗ್ರಾಂ ಸಾಕೆಂಬುದನ್ನು ನೆನೆದರೆ ಇದು ಅಲ್ಪವಲ್ಲ. ಮೆಗ್ನೀಶಿಯಂ 100 ಮಿಲಿಗ್ರಾಮಿನ ಆಸುಪಾಸಿನಲ್ಲಿಯೂ, ಸಸಾರಜನಕವು 6 ಗ್ರಾಮಿನಷ್ಟೂ ಇರುತ್ತವೆ. ಅದರ ಕೊಬ್ಬಿನ ಬಹುಭಾಗವು ಅಪರ್ಯಾಪ್ತ ಜಾತಿಯದಾಗಿದ್ದು, ತುಪ್ಪ, ವನಸ್ಪತಿ ಮೊದಲಾದವುಗಳಿಗೆ ಬದಲಾಗಿ ಅಂತಹುದನ್ನು ಸೇವಿಸಿದಲ್ಲಿ ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆ. ಬದಲಾಗಿ ಎಂಬ ಈ ಮಾತನ್ನೇ ನಾನು ಮರೆತಿದ್ದುದು. ಅಗಸಿಯಲ್ಲಿ ಹೇರಳವಾಗಿರುವ ಒಮೆಗಾ-3 ಕೊಬ್ಬು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಹೊಸದು ಬಂದಿತೆಂದು ಹಳೆಯ ಹಿಂಡಿಯನ್ನು ಕೈಬಿಡುವುದೂ ಸಲ್ಲದು.

ನಡುವೆ ನಡೆದ ಒಂದು ಪ್ರಸಂಗವನ್ನು ಹೇಳದಿರಲಾರೆ. ನನ್ನ ಉತ್ಸಾಹಕ್ಕೆ ಮರುಳಾಗಿ ಮನೆಯಾಕೆಯು ಬೀಜದ ಪುಡಿಯನ್ನು ಗೋಧಿಹಿಟ್ಟಿಗೆ ಬೆರೆಸಿ, ಅಡುಗೆಸೋಡಾ ಹಾಕಿ ಬಿಸ್ಕತ್ತು ಮಾಡಿದಳು. ಮರುದಿನ ಮುರಿದು ನೋಡಿದರೆ ಒಳಗೆಲ್ಲ ಪಾಚಿಯ ಹಸಿರು! ಬೂಸಲೆಂದು ತಿಳಿದು ಡಬ್ಬಿಯನ್ನೆಲ್ಲ ತಿಪ್ಪೆಗೆ ಸುರಿದೆವು. ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲವು ಸೋಡಾದ ಕ್ಷಾರದೊಡನೆ ಕೂಡಿ ಹಸಿರಾಗುವುದೆಂದೂ, ಅದರಿಂದ ಹಾನಿಯೇನೂ ಇಲ್ಲವೆಂದೂ ಬಹಳ ದಿನಗಳ ಮೇಲೆ ತಿಳಿಯಿತು. ಆ ಬಿಸ್ಕತ್ತಿನ ಮಾತು ಬಂದಾಗಲೆಲ್ಲ ಆಕೆ ಇಂದಿಗೂ ನನ್ನನ್ನೇ ನೋಡುತ್ತಾಳೆ.

ಈಗ ನಮ್ಮಲ್ಲಿ ಸೂರ್ಯಪಾನದ್ದೂ ಹಿಂಡಿಯಾಗುತ್ತದೆ. ಹಸಿಯ ಬೀಜವನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಅದರ ಅರ್ಧದಷ್ಟು ಪುಟಾಣಿ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ತುಸು ಹುಣಸೆ, ಚಿಟಿಕೆ ಉಪ್ಪು ಹಾಕಿ ತರಿತರಿಯಾಗಿ ಕುಟ್ಟುವುದು. ಬೀಜದ ಸಸಾರಜನಕದಲ್ಲಿ ಕೊರತೆಯಾಗಿರುವ ಲೈಸಿನ್ ಅಂಶವನ್ನು ಪುಟಾಣಿಯು ತುಂಬಿಕೊಡುತ್ತದೆ. ಇದನ್ನು ಬಡಿಸಿದ ದಿನ ಶೇಂಗಾಹಿಂಡಿಯೂ ಇಲ್ಲ, ಮೇಲೆ ಸುರಿಯುವ ಎಣ್ಣೆಯೂ ಇಲ್ಲ. ಏರಿದ 3 ಕಿಲೋದಲ್ಲಿ 2 ಇಳಿದಿದೆ; ಗುಳಿಗೆಯು ಮಾತ್ರ ನಿಂತಿಲ್ಲ, ನಿಲ್ಲಿಸೆಂದು ವೈದ್ಯರೂ ಹೇಳಿಲ್ಲ. ಪೊಟ್ಟಣವನ್ನು ಕೊಳ್ಳುವ ವಾಚಕರು ಮೊದಲು ಅದರ ಬೆನ್ನಿಗೆ ಅಚ್ಚಾದ ಸೋಡಿಯಂ ಎಷ್ಟೆಂಬುದನ್ನು ಓದಿಕೊಳ್ಳಬೇಕೆಂದೂ, ಉಪ್ಪಿಲ್ಲದ್ದು ದೊರೆಯದಿದ್ದಲ್ಲಿ ಹಸಿಬೀಜವನ್ನೇ ತಂದು ಮನೆಯಲ್ಲಿ ಹುರಿದುಕೊಳ್ಳಬೇಕೆಂದೂ ಕೇಳಿಕೊಳ್ಳುತ್ತೇನೆ.